ಸಂತ ಫಿಲೋಮಿನಾ

ರೋಮಾಪುರಿಯ ಸಲಾರಿಯಾ ಎಂಬ ಪ್ರಾಚೀನ ರಾಜಮಾರ್ಗದ ಬಳಿ, ನೆಲದೊಳಗೆ ಅಗೆದ ಸಮಾಧಿಗಳ ಜಾಲವೊಂದುಂಟು. ಇದಕ್ಕೆ ಪ್ರಿಸ್ಕಿಲ್ಲೆಯ ಕ್ಯಾಟಕೂಂಬ್ ಎಂದು ಹೆಸರು. ಆದಿಕಾಲದ ಕ್ರೈಸ್ತರು ತಮ್ಮವರ ಶವಗಳನ್ನು ಈ ಸುರಂಗಗಳ ಗೋಡೆಗಳಲ್ಲಿ ಕೊರೆದ ಗೂಡುಗಳಲ್ಲಿಟ್ಟು, ಹೆಂಚು ಕಲ್ಲುಗಳಿಂದ ಮುಚ್ಚುತ್ತಿದ್ದರು. ೧೮೦೨ನೆಯ ಇಸವಿ ಮೇ ೨೫ರಂದು ಅಂತಹದೊಂದು ಗೂಡು ಬೆಳಕಿಗೆ ಬಂದಿತು. ಅದರ ಮೂರು ಹೆಂಚುಗಳ ಮೇಲೆ ‘ಲುಮೇನಾ’, ‘ಪಾಕ್ಸ್ ತೇ’, ‘ಕುಂ ಫಿ’ ಎಂದು ಬರೆದಿದ್ದಿತು. ಹೀಗೆ ಓದಿದರೆ ಅರ್ಥವಾಗದು. ಮೊದಲನೆಯ ಹೆಂಚನ್ನು ಕೊನೆಗಿಟ್ಟರೆ, ‘ಫಿಲುಮೇನಾ, ನಿನಗೆ ಶಾಂತಿಯಾಗಲಿ’ ಎಂಬ ಲ್ಯಾಟಿನ್ ವಾಕ್ಯವಾಗುತ್ತದೆ. ಅಕ್ಷರಗಳ ನಡುವೆ ಲಂಗರು, ಬಾಣ, ಗರಿಗಳ ಚಿತ್ರಗಳಿದ್ದುವು. ಒಳಗೆ ಸುಮಾರು ಹದಿಮೂರು ವರ್ಷದ ಬಾಲೆಯ ಅಸ್ಥಿಗಳೂ ಒಡೆದ ಗಾಜಿನ ಕುಪ್ಪಿಯೂ ದೊರೆತುವು. ಕುಪ್ಪಿಯಲ್ಲಿ ರಕ್ತವಿದ್ದಿತೆಂದು ಭಾವಿಸಿ, ಆಕೆ ಮತಕ್ಕಾಗಿ ಪ್ರಾಣವಿತ್ತವಳೆಂದು ಅಂದಿನವರು ನಿಶ್ಚಯಿಸಿದರು.

೧೮೦೫ರಲ್ಲಿ ಫ್ರಾನ್ಸೆಸ್ಕೋ ದಿ ಲೂಚಿಯಾ ಎಂಬ ಪಾದ್ರಿಯು ಆ ಅಸ್ಥಿಗಳನ್ನು ಬೇಡಿ ಪಡೆದು, ನೇಪಲ್ಸಿನ ಬಳಿಯ ತನ್ನ ಊರಾದ ಮುನ್ಯಾನೋಗೆ ಕೊಂಡೊಯ್ದನು. ಅಲ್ಲಿ ರೋಗಿಗಳು ಗುಣಹೊಂದಿದರೆಂಬ ಸುದ್ದಿ ಹಬ್ಬಿತು. ಆದರೆ ಬಾಲೆಯ ಚರಿತ್ರೆ? ಹೆಸರೊಂದರ ಹೊರತು ಏನೂ ಇರಲಿಲ್ಲ. ೧೮೩೩ರಲ್ಲಿ ನೇಪಲ್ಸಿನ ಸಂನ್ಯಾಸಿನಿಯೊಬ್ಬಳು ತನಗೆ ದೈವಪ್ರೇರಣೆಯಿಂದ ಆಕೆಯ ಕಥೆ ತಿಳಿದುಬಂದಿತೆಂದು ಸಾರಿದಳು: ಫಿಲೋಮಿನಾ ಗ್ರೀಕ್ ಅರಸನ ಮಗಳು, ಚಕ್ರವರ್ತಿ ಡಯೋಕ್ಲೀಷಿಯನ್ ಆಕೆಯನ್ನು ವರಿಸಬಯಸಿದನು, ಒಲ್ಲೆನೆಂದುದಕ್ಕೆ ಲಂಗರು ಕಟ್ಟಿ ನದಿಗೆ ಎಸೆಯಿಸಿದನು, ಬಾಣಗಳಿಂದ ಹೊಡೆಯಿಸಿದನು, ಕಡೆಗೆ ಶಿರಚ್ಛೇದ ಮಾಡಿಸಿದನು. ಹೆಂಚಿನ ಚಿತ್ರಗಳೇ ಈ ಕಥೆಯಲ್ಲಿ ಒಂದೊಂದಾಗಿ ಹಿಂಸೆಯ ಉಪಕರಣಗಳಾಗಿರುವುದು ಗಮನಾರ್ಹ. ಲಂಗರಾದರೋ ಆ ಸುರಂಗಗಳಲ್ಲಿ ಎಲ್ಲೆಲ್ಲೂ ಕಾಣುವ ಆಶೆಯ ಚಿಹ್ನೆ!

ಭಕ್ತಿಯು ಇಷ್ಟಕ್ಕೆ ಕಾಯಲಿಲ್ಲ. ೧೮೩೫ರಲ್ಲಿ ಲಿಯೋನ್ ನಗರದ ಪೌಲೀನ್ ಜಾರಿಕೋ ಎಂಬಾಕೆ ಮರಣಾವಸ್ಥೆಯಲ್ಲಿ ಮುನ್ಯಾನೋಗೆ ಯಾತ್ರೆಹೊರಟು ಗುಣಮುಖಳಾಗಿ ಮರಳಿದಳು. ಆರ್ಸ್ ಗ್ರಾಮದ ಪಾದ್ರಿ ಜಾನ್ ವಿಯಾನ್ನೆ ತನ್ನ ಹೆಸರಿನಲ್ಲಿ ಜನರು ಹೇಳುತ್ತಿದ್ದ ಪವಾಡಗಳನ್ನೆಲ್ಲ ಈ ಬಾಲೆಗೇ ಒಪ್ಪಿಸುತ್ತಿದ್ದನು. ೧೮೩೭ರಲ್ಲಿ ಪೋಪ್ ಹದಿನಾರನೆಯ ಗ್ರೆಗೊರಿಯವರು ಆಕೆಯ ಉತ್ಸವಕ್ಕೆ ಅನುಮತಿಯಿತ್ತರು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರೋಮಿನ ಪುರಾತತ್ತ್ವಜ್ಞ ಒರಾಜಿಯೋ ಮಾರುಕ್ಕಿ ಈ ಸಮಾಧಿಯನ್ನು ಶೋಧಿಸಿ ಬೇರೆ ಮಾತನ್ನು ಹೇಳಿದನು. ಹೆಂಚುಗಳು ಹಳೆಯ ಸಮಾಧಿಯೊಂದರವು. ಅವನ್ನು ಬೇರೊಬ್ಬಳ ಗೂಡಿಗೆ ಮತ್ತೆ ಬಳಸಿದ್ದರಿಂದಲೇ ಅಕ್ಷರಗಳು ಹಿಂದುಮುಂದಾದುವು ಎಂಬುದು ಆತನ ವಾದ. ಇದು ದಿಟವಾದರೆ, ಆ ಅಸ್ಥಿಗಳಿಗೆ ಆ ಹೆಸರೂ ಸಲ್ಲದು. ಆದರೂ ಮಾರುಕ್ಕಿಯ ವಾದವನ್ನು ಒಪ್ಪದವರೂ ಇದ್ದರು. ಅವರ ಕೋಪಕ್ಕೆ ಕಾರಣವಿಲ್ಲದೆಯೂ ಇರಲಿಲ್ಲ, ಪ್ರಾರ್ಥಿಸಿ ಫಲಕಂಡವರಿಗೆ ಹೆಂಚಿನ ತರ್ಕ ರುಚಿಸುವುದೆಂತು?

ಮೈಸೂರಿನಲ್ಲಿ ೧೯೩೩ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಈಕೆಯ ಹೆಸರಿನ ಭವ್ಯ ಚರ್ಚಿಗೆ ಅಡಿಗಲ್ಲನ್ನಿಟ್ಟರು. ಆಕೆಯ ಅಸ್ಥಿಯ ಅಂಶವೊಂದನ್ನು ಅದಕ್ಕೆ ಮೊದಲೇ ಅರಮನೆಯ ಅಧಿಕಾರಿ ತಂಬೂಚೆಟ್ಟಿಯವರು ತರಿಸಿಕೊಂಡಿದ್ದರು. ೧೯೬೧ರಲ್ಲಿ ರೋಮಿನ ಧರ್ಮಾಧಿಕಾರಿಗಳು ಫಿಲೋಮಿನೆಯ ಉತ್ಸವವನ್ನು ಎಲ್ಲ ಪಂಚಾಂಗಗಳಿಂದ ತೆಗೆಯಿಸಿದರು. ಮೈಸೂರಿನ ಚರ್ಚಿನ ನೆಲಮಾಳಿಗೆಗೆ ಇಂದಿಗೂ ಜನರು ಇಳಿದುಹೋಗಿ, ಮಲಗಿದಂತಿರುವ ಆ ಬಾಲೆಯ ಪ್ರತಿಮೆಯ ಮುಂದೆ ನಿಂತು ಬರುತ್ತಾರೆ.