ವರ್ಷಕ್ಕೆ ಎರಡೇ ರಜೆ!

ಅಮೆರಿಕಾದ ನೆವಾಡ ಮರುಭೂಮಿಯಲ್ಲಿ, ಲಾಸ್ ವೇಗಸ್‌ನಿಂದ ಸುಮಾರು 40 ಕಿಲೋಮೀಟರು ದೂರದಲ್ಲಿ ಬೌಲ್ಡರ್ ಸಿಟಿ ಅಂತ ಒಂದು ಪುಟ್ಟ ಊರಿದೆ. ಹೂವರ್ ಅಣೆಕಟ್ಟು ನೋಡೋಕೆ ಹೊರಟವರು ಇಲ್ಲಿ ಕಾಫಿ ಕುಡಿದು ಮುಂದೆ ಹೋಗಿಬಿಡ್ತಾರೆ. ಕೆಲವು ವರ್ಷಗಳ ಹಿಂದೆ ನಾವೂ ಹಾಗೇ ಅಂದುಕೊಂಡು ಹೋಗಿದ್ವಿ. ಆದ್ರೆ ಅವತ್ತು ಜುಲೈ 4, ಅವರ ಸ್ವಾತಂತ್ರ್ಯ ದಿನ. ರಸ್ತೆ ಬಂದ್!

ಬೆಳಿಗ್ಗೆ ಪಾರ್ಕಿನಲ್ಲಿ ಪ್ಯಾನ್‌ಕೇಕ್ ತಿಂಡಿ, ಆಮೇಲೆ ಮೆರವಣಿಗೆ. ಹಬ್ಬದ ಹೆಸರು 'ಡ್ಯಾಂಬೋರಿ'. ಮೆರವಣಿಗೆಯ ದಾರಿಯಲ್ಲಿ ಒಂದು ಕಡೆ ನೀರಾಟಕ್ಕೇ ಅಂತ ಜಾಗ ಬಿಟ್ಟಿದ್ರು. ಬಕೆಟ್ಟು, ಪಿಚಕಾರಿ, ಪೈಪು ಹಿಡಿದು ನಿಂತ ಮಕ್ಕಳು, ಮುದುಕರು ಎಲ್ಲರೂ ಬರೋ ಹೋಗೋರಿಗೆ ನೀರೆರಚಿದ್ದೇ ಎರಚಿದ್ದು. ನಮ್ಮ ಓಕುಳಿ ನೆನಪಾಯ್ತು. ನಾನೂ ತೊಪ್ಪೆಯಾದೆ. ಆ ಬಿಸಿಲಲ್ಲಿ ಹತ್ತೇ ನಿಮಿಷಕ್ಕೆ ಒಣಗಿಯೂ ಹೋದೆ!

ಮನೆಗೆ ಬಂದ ಮೇಲೆ ಊರಿನ ಕಥೆ ಓದುತ್ತಾ ಕೂತೆ. ಆಮೇಲೆ ಆ ನೀರಾಟ ನನಗೆ ಬೇರೆ ಥರಾನೇ ಕಾಣೋಕೆ ಶುರುವಾಯ್ತು.

ಅಣೆಕಟ್ಟು ಕಟ್ಟುವವರಿಗಾಗಿಯೇ 1931ರಲ್ಲಿ ಸರ್ಕಾರ ಶುರುಮಾಡಿದ ಊರು ಇದು. ಕೆಲಸ ಮೂರು ಪಾಳಿಗಳಲ್ಲಿ, ಹಗಲೂ ರಾತ್ರಿ, ವಾರದ ಏಳೂ ದಿನ. ಭಾನುವಾರ ಅಂತೆಲ್ಲ ಇಲ್ಲ. ರಜೆ ವರ್ಷಕ್ಕೆ ಎರಡೇ: ಕ್ರಿಸ್‌ಮಸ್ ಮತ್ತು ಜುಲೈ 4. ಅದಕ್ಕೂ ಸಂಬಳ ಇಲ್ಲ!

ಇದನ್ನ ಜನ ಹೇಗೆ ಒಪ್ಪಿಕೊಂಡ್ರು ಅಂತೀರಾ? ಅದು ಮಹಾ ಆರ್ಥಿಕ ಕುಸಿತದ ಕಾಲ. ಕೆಲಸ ಸಿಕ್ಕಿದ್ದೇ ಪುಣ್ಯ. ನೀನು ಬಿಟ್ರೆ ಆ ಜಾಗಕ್ಕೆ ಬರೋಕೆ ಹೊರಗೆ ಸಾಲುಗಟ್ಟಿ ನಿಂತವರಿದ್ರು.

1931ರ ಬೇಸಿಗೆಯಲ್ಲಿ ಊರಿನ್ನೂ ಪೂರ್ತಿ ಎದ್ದಿರಲಿಲ್ಲ. ಎಷ್ಟೋ ಸಂಸಾರಗಳು ಕೊಲೊರಾಡೋ ನದಿ ದಂಡೆಯಲ್ಲಿ ಡೇರೆ ಹಾಕಿಕೊಂಡಿದ್ದವು. ಆ ಜಾಗಕ್ಕೆ ಬಿದ್ದ ಹೆಸರು 'ರ‍್ಯಾಗ್‌ಟೌನ್', ಅಂದ್ರೆ ಚಿಂದಿ ಊರು. ಹಗಲಿನ ಗರಿಷ್ಠ ತಾಪಮಾನ ಸರಾಸರಿ 48 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಜೂನ್ 25ರಿಂದ ಜುಲೈ 26ರೊಳಗೆ ಬಿಸಿಲಿನ ಝಳಕ್ಕೆ ಸತ್ತವರು 16 ಮಂದಿ. ಲೆಕ್ಕ ಹಾಕಿ ನೋಡಿ, ಆ ವರ್ಷದ ಜುಲೈ 4 ಬಂದದ್ದು ಈ ಸಾವುಗಳ ನಡುವೆಯೇ.

ಆಗಸ್ಟ್ 7ರಂದು ಸಿಕ್ಸ್ ಕಂಪನೀಸ್ ಅನ್ನೋ ಗುತ್ತಿಗೆದಾರ ಕೂಟ ಸುರಂಗದ ಕೆಲವು ಕೆಲಸಗಾರರ ಕೂಲಿ ಇಳಿಸಿತು. ಮುಷ್ಕರ ಶುರುವಾಯ್ತು. ಅವರು ಕೇಳಿದ್ದರಲ್ಲಿ ಶುದ್ಧವಾದ ತಣ್ಣೀರೂ ಒಂದು! ಕಂಪನಿ ಯಾವುದಕ್ಕೂ ಒಪ್ಪಲಿಲ್ಲ, ಸುಮಾರು ಒಂದು ವಾರದಲ್ಲಿ ಮುಷ್ಕರ ಮುರಿದು ಬಿತ್ತು. ಆದರೆ ಊರು ಕಟ್ಟುವ ಕೆಲಸ ಮಾತ್ರ ಚುರುಕಾಯ್ತು, 1932ರ ವಸಂತದ ಹೊತ್ತಿಗೆ ರ‍್ಯಾಗ್‌ಟೌನ್ ಖಾಲಿಯಾಯ್ತು.

1932ರ ಬೇಸಿಗೆಯಲ್ಲಿ ಹಾರ್ವರ್ಡ್‌ನ ಸಂಶೋಧಕರು ಬಂದು ಕೆಲಸಗಾರರನ್ನ ಪರೀಕ್ಷಿಸಿದರು. ನೀರಷ್ಟೇ ಸಾಲದು, ಬೆವರಿನಲ್ಲಿ ಹೋದ ಉಪ್ಪೂ ದೇಹಕ್ಕೆ ವಾಪಸ್ ಬೇಕು ಅನ್ನೋದನ್ನ ಅವರು ಅಲ್ಲೇ ತೋರಿಸಿಕೊಟ್ಟರು.

ಹೊಸ ಊರು ಎಲ್ಲರದ್ದೂ ಆಗಿರಲಿಲ್ಲ. 1934ರ ಜುಲೈನಲ್ಲಿ ಕೆಲಸಗಾರರ ಸಂಖ್ಯೆ 5,251 ಮುಟ್ಟಿತ್ತು. ಆದ್ರೆ ಕಪ್ಪು ಜನ ಯಾವತ್ತೂ ಮೂವತ್ತು ದಾಟಲಿಲ್ಲ. ಅವರಿಗೆ ಊರಲ್ಲಿ ಮನೆ ಇಲ್ಲ, ಕುಡಿಯೋ ನೀರಿಗೂ ಬೇರೆ ಬಕೆಟ್ಟು. ಇದನ್ನ ಓದಿದಾಗ ನಾಚಿಕೆ ಆಯ್ತು, ಯಾಕಂದ್ರೆ ಬೇರೆ ಲೋಟ, ಬೇರೆ ಬಾವಿ ನಮಗೇನು ಹೊಸದಲ್ಲವಲ್ಲ...

ಅಣೆಕಟ್ಟೆಯಲ್ಲಿ ಸತ್ತವರ ಅಧಿಕೃತ ಲೆಕ್ಕ 96. ನಾನೂ ಮೊದಲು ಆ ಸಂಖ್ಯೆಯನ್ನ ಹಾಗೇ ನಂಬಿದ್ದೆ. ಅದು ಬಂಡೆ ಬಿದ್ದು, ಮುಳುಗಿ, ಸ್ಫೋಟದಲ್ಲಿ, ಹೀಗೆ ಸ್ಥಳದಲ್ಲೇ ಆದ ಅವಘಡಗಳಲ್ಲಿ ಹೋದವರ ಲೆಕ್ಕ. ಬಿಸಿಲಿಗೆ ಹೋದವರು ಅದರಲ್ಲಿಲ್ಲ. ಅವರದ್ದು ಅಪಘಾತವೇ ಅಲ್ಲವಂತೆ!

ಅದೇ ಜುಲೈ, ಅದೇ ಬಿಸಿಲು, ಅದೇ ನದಿಯ ನೀರು. ಅವತ್ತು ಒಂದು ಬೊಗಸೆ ತಣ್ಣೀರಿಗೆ ಮುಷ್ಕರ, ನಾವು ಹೋದ ದಿನ ಬಕೆಟ್‌ಗಟ್ಟಲೆ ಎರಚಾಟ. ಮಕ್ಕಳು ಆಡಬಾರದು ಅಂತ ನಾನು ಹೇಳ್ತಿಲ್ಲ, ಖಂಡಿತ ಆಡಲಿ. ನಾನೂ ಇನ್ನೊಮ್ಮೆ ಹೋದ್ರೆ ಮತ್ತೆ ನೆನೆದೇ ಬರ್ತೀನಿ. ಆದ್ರೆ ಮೊದಲ ಬಕೆಟ್ ಮೈಮೇಲೆ ಬಿದ್ದಾಗ ಲೆಕ್ಕಕ್ಕೆ ಸಿಗದ ಆ ಹದಿನಾರು ಮಂದಿ ನೆನಪಾಗ್ತಾರೆ.

ವಾರದ ರಜೆಯನ್ನ ನಾವು ಕ್ಯಾಲೆಂಡರಿನ ಕೆಂಪು ಅಂಕಿ ಅಷ್ಟೇ ಅಂದುಕೊಂಡಿರ್ತೀವಿ. ಅದಕ್ಕಾಗಿ ಯಾರೋ ಕಾದಿದ್ದಾರೆ, ಕಾದಾಡಿದ್ದಾರೆ. ಮುಂದಿನ ಭಾನುವಾರ ತಡವಾಗಿ ಏಳುವಾಗ ಒಂದು ಕ್ಷಣ ಅವರನ್ನೂ ನೆನೆಸಿಕೊಳ್ಳೋಣ, ಏನಂತೀರಿ?