ಎತ್ತಿನ ಹೇರಿನ ಸುಂಕ, ಬಸದಿಯ ದೀಪ: ಮಧ್ಯಕಾಲದ ಕೊಪಣ ಸೀಮೆಯಲ್ಲಿ ವರ್ತಕರು ಮತ್ತು ಮತಗಳು

ಕೊಪ್ಪಳದ ಕಲ್ಲುಗುಡ್ಡಗಳನ್ನು ಬೆನ್ನಿಗೆ ಬಿಟ್ಟು, ಅಳವಂಡಿಯ ಎರೆಹೊಲಗಳನ್ನು ದಾಟಿ ಪಡುವಣಕ್ಕೆ ನಡೆದರೆ ಮುಂಡರಗಿ, ಡಂಬಳ, ಲಕ್ಕುಂಡಿಗಳು ಸಿಗುತ್ತವೆ. ಸುಮಾರು 50 ಕಿ.ಮೀ. ಅಗಲದ ಈ ಪಟ್ಟಿಯಲ್ಲಿ ಕ್ರಿ.ಶ. 1000ದಿಂದ 1200ರವರೆಗೆ ಎಷ್ಟೊಂದು ಮತಗಳು ನೆಲೆಯೂರಿದ್ದವೆಂಬುದು ಸೋಜಿಗ ಹುಟ್ಟಿಸುತ್ತದೆ. ಮೂಡಣ ತುದಿಯಲ್ಲಿ ಜೈನರ ಮಹಾತೀರ್ಥವಾದ ಕೊಪಣ, ಎಂದರೆ ಇಂದಿನ ಕೊಪ್ಪಳ. ಪಡುವಣ ತುದಿಯಲ್ಲಿ 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಲಕ್ಕುಂಡಿಯ ಬ್ರಹ್ಮಜಿನಾಲಯ. ನಡುವೆ ಮಹಾಜನರ ಅಗ್ರಹಾರವೂ ಶಾಕ್ತ ಕ್ಷೇತ್ರವೂ ಆಗಿದ್ದ ಕುಕನೂರು, 1112ರಲ್ಲಿ ಶಿವಾಲಯವೆದ್ದ ಇಟಗಿ, ಬೌದ್ಧ ವಿಹಾರಗಳನ್ನು ಸಾಕುತ್ತಿದ್ದ ಡಂಬಳ. ಬೌದ್ಧಮತ ದಕ್ಷಿಣದಲ್ಲಿ ಬಹುಪಾಲು ಅಳಿದಿತ್ತೆಂದು ನಾವು ಓದಿಕೊಂಡು ಬಂದ ಕಾಲದಲ್ಲಿ, ಕೊಪ್ಪಳದಿಂದ ಎರಡು ಮೂರು ದಿನದ ಎತ್ತಿನ ಹಾದಿಯಲ್ಲಿ ತಾರಾದೇವಿಗೆ ಪೂಜೆ ನಡೆಯುತ್ತಿತ್ತು. ಇದಕ್ಕೆ ವಾಡಿಕೆಯಾಗಿ ಸಿಗುವ ವಿವರಣೆ ಒಂದೇ: ಕಲ್ಯಾಣದ ಚಾಲುಕ್ಯ ಅರಸರ ಪರಮತ ಸಹಿಷ್ಣುತೆ. ಈ ಉತ್ತರ ಸುಳ್ಳಲ್ಲ, ಆದರೆ ಸಾಲದು. ಅರಸನ ಮನಸ್ಸು ಉದಾರವಾಗಿದ್ದ ಮಾತ್ರಕ್ಕೆ ಒಂದು ವಿಹಾರದ ಭಿಕ್ಷುಗಳಿಗೆ ಊಟ ಒದಗುವುದಿಲ್ಲ, ಬಸದಿಯ ಸುಣ್ಣ ಉದುರದೆ ಉಳಿಯುವುದಿಲ್ಲ. ಈ ಸೀಮೆಯ ಬಹುಮತೀಯ ಬದುಕನ್ನು ಹೊತ್ತು ನಿಂತದ್ದು ವರ್ತಕರ ಸಂಘಗಳ ದತ್ತಿವ್ಯವಸ್ಥೆ. ಸಹಿಷ್ಣುತೆ ಎಂದು ನಾವು ಕರೆಯುವ ಗುಣ ಬಹುಮಟ್ಟಿಗೆ ಆ ವ್ಯವಸ್ಥೆಯ ಫಲ ಎಂಬುದು ಈ ಲೇಖನದ ವಾದ.

ದತ್ತಿಯ ಬಗೆಗಳಲ್ಲಿರುವ ಒಂದು ಭೇದವನ್ನು ಇಲ್ಲಿ ಮೊದಲು ಗಮನಿಸಬೇಕು. ಶಾಸನಗಳನ್ನು ಮತದ ಹೆಸರಿನ ಮೇಲೆ ವಿಂಗಡಿಸುವ ನಮ್ಮ ರೂಢಿಯಲ್ಲಿ ಇದು ಮರೆಯಾಗಿದೆ. ಭೂಮಿಯ ದತ್ತಿ ಒಬ್ಬರ ಕೈಯಿಂದ ಬರುತ್ತದೆ. ಅರಸನೋ ದಂಡನಾಯಕನೋ ಗಾವುಂಡನೋ ಇಷ್ಟು ಮತ್ತರು ಕೆಯ್ಯನ್ನು ಧಾರೆಯೆರೆದು ಕೊಟ್ಟಾಗ ಅದು ದಾನಿಯ ಭಕ್ತಿಯನ್ನು ಹೇಳುತ್ತದೆ, ಅಷ್ಟಕ್ಕೇ ನಿಲ್ಲುತ್ತದೆ. ಸುಂಕದ ದತ್ತಿಯ ಸ್ವಭಾವವೇ ಬೇರೆ. ಪೇಟೆಗೆ ಬಂದ ಪ್ರತಿ ಹೇರು ಅಡಕೆಗೆ ಇಷ್ಟು, ವೀಳ್ಯದೆಲೆಗೆ ಇಷ್ಟು, ಮಾರಿದ ಧಾನ್ಯಕ್ಕೆ ಇಷ್ಟು ಎಂದು ಸೆಟ್ಟಿಗಳ ಕೂಟ ಒಮ್ಮೆ ನಿಗದಿ ಮಾಡಿತೆಂದರೆ, ಆ ಸರಕಿನ ಒಡೆಯ ಜಿನನಿಗೆ ಕೈಮುಗಿಯುವವನೋ ಶಿವನಿಗೋ ಎಂದು ಸುಂಕದ ಕಟ್ಟೆಯಲ್ಲಿ ಯಾರೂ ಕೇಳುವುದಿಲ್ಲ. ಜೈನ ವರ್ತಕನ ಮೆಣಸು ಶಿವಾಲಯದ ನಂದಾದೀವಿಗೆಗೆ ಎಣ್ಣೆಯಾಗುತ್ತದೆ. ಶೈವನ ಬಟ್ಟೆಗಂಟು ಬಸದಿಯ ಮುನಿಗಳ ಆಹಾರದಾನಕ್ಕೆ ಸಲ್ಲುತ್ತದೆ. ಪೊನ್ನಿನ ದತ್ತಿಯದೂ ಇದೇ ಹಾದಿ. ಮೂಲಧನವನ್ನು ನಗರದ ಸೆಟ್ಟಿಗಳ ಕೈಗೆ ಒಪ್ಪಿಸಿ, ಬಡ್ಡಿಯಿಂದ ಪೂಜೆ ನಡೆಸುವ ಅಕ್ಷಯನಿಧಿಯ ಪದ್ಧತಿಯಲ್ಲಿ ದೇವರೂ ವರ್ತಕರೂ ಒಂದೇ ಲೆಕ್ಕದ ಎರಡು ಬದಿಗಳಾಗುತ್ತಾರೆ. ಗದ್ಯಾಣ, ಪಣ, ಹಾಗ, ವೀಸಗಳಲ್ಲಿ ಎಣಿಸುತ್ತಿದ್ದ ಈ ನಾಡಿಗೆ ಲೊಕ್ಕಿಗುಂಡಿಯ, ಎಂದರೆ ಇಂದಿನ ಲಕ್ಕುಂಡಿಯ, ಟಂಕಸಾಲೆಯ ಲೊಕ್ಕಿ ಗದ್ಯಾಣ ಬಲು ನಂಬಿಕೆಯ ನಾಣ್ಯವಾಗಿತ್ತು. ಅದೇ ಲೊಕ್ಕಿಗುಂಡಿ ಬಸದಿಗಳಿಗೂ ಶಿವಾಲಯಗಳಿಗೂ ಒಟ್ಟೊಟ್ಟಿಗೆ ಹೆಸರಾಗಿದ್ದನ್ನು ಬರಿಯ ಕಾಕತಾಳೀಯವೆಂದು ತಳ್ಳಿಹಾಕಲಾಗದು.

ಡಂಬಳದ ಸಾಕ್ಷ್ಯವನ್ನು ತುಸು ನಿಂತು ನೋಡಬೇಕು. ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯ 1095ರ ಶಾಸನದಲ್ಲಿ ಈ ಊರಿನ ಹೆಸರು ಧರ್ಮವೊಳಲು. ಹದಿನೆಂಟು ಅಗ್ರಹಾರಗಳ ಜೊತೆಗೆ ಈ ಪಟ್ಟಣವನ್ನೂ ಆಳುತ್ತಿದ್ದವಳು ಅರಸನ ರಾಣಿ ಲಕ್ಷ್ಮೀದೇವಿ. ಆದರೆ ಬುದ್ಧವಿಹಾರವನ್ನು ಕಟ್ಟಿಸಿದವಳು ಆಕೆಯಲ್ಲ, ಊರಿನ ಹದಿನಾರು ಸೆಟ್ಟಿಗಳು. ಆರ್ಯತಾರಾದೇವಿಯ ವಿಹಾರವನ್ನು ಕಟ್ಟಿಸಿದವನು ಲೊಕ್ಕಿಗುಂಡಿಯ ಸಂಗವಯ್ಯ ಸೆಟ್ಟಿ. ಅರಮನೆ ಇಲ್ಲಿ ಸಾಕ್ಷಿಯಾಗಿ, ಒಪ್ಪಿಗೆ ನೀಡಿದ ಅಧಿಕಾರವಾಗಿ ನಿಂತಿದೆ. ಕಟ್ಟಿದ ಕೈ ಪೇಟೆಯದು. ಹದಿನಾರು ಎಂಬ ಸಂಖ್ಯೆಯೂ ಅರ್ಥಪೂರ್ಣ. ಒಬ್ಬ ಶ್ರೀಮಂತ ಭಕ್ತ ವಿಹಾರ ಕಟ್ಟಿಸಿದ್ದರೆ ಅದು ಅವನ ಹರಕೆ ಎನ್ನಬಹುದಿತ್ತು. ಹದಿನಾರು ಮಂದಿ ಕೂಡಿ ಕಟ್ಟಿಸಿದ್ದು ಸಂಸ್ಥೆಯ ತೀರ್ಮಾನ. ಶೈವ, ಜೈನ ದೇಗುಲಗಳೇ ಕಿಕ್ಕಿರಿದಿದ್ದ ಈ ನಾಡಿನ ಒಂದು ಪಟ್ಟಣದಲ್ಲಿ ಆ ಹದಿನಾರು ಜನರೂ ಬೌದ್ಧರೇ ಆಗಿದ್ದರೆಂದು ನಂಬುವುದಕ್ಕಿಂತ, ದೂರದ ನಾಡುಗಳೊಡನೆ ವ್ಯವಹರಿಸುವ ಪಟ್ಟಣಕ್ಕೆ ವಿಹಾರವೂ ಬೇಕೆಂದು ಅವರಿಗೆ ತೋರಿತ್ತೆಂದು ಊಹಿಸುವುದು ಹೆಚ್ಚು ಸಹಜ. ತಾರೆಯಾದರೋ ಜಲದ ಭಯ, ಕಳ್ಳರ ಭಯಗಳಿಂದ ಪಾರುಗಾಣಿಸುವ ದೇವತೆಯೆಂದು ಬೌದ್ಧ ಲೋಕದ ಉದ್ದಗಲಕ್ಕೂ ಹೆಸರಾದವಳು. ಹಾದಿಯ ಮೇಲೆ ಬದುಕುವವರು ಆಕೆಯನ್ನು ಮರೆಯುವಂತಿರಲಿಲ್ಲ.

ಇಂಥ ಸೆಟ್ಟಿಗಳ ಬೆನ್ನಿಗಿದ್ದ ದೊಡ್ಡ ಸಂಘಟನೆ ಅಯ್ಯಾವೊಳೆ ಐನೂರ್ವರದು. ಐಹೊಳೆಯ ಹೆಸರನ್ನು ಹೊತ್ತ ಈ ವೀರಬಣಂಜುಗಳ ಪ್ರಶಸ್ತಿ ಶಿಕಾರಿಪುರ ಸೀಮೆಯ ಹನ್ನೊಂದನೆಯ ಶತಮಾನದ ಶಾಸನದಲ್ಲಿ ವಿಸ್ತಾರವಾಗಿ ಬರುತ್ತದೆ: ಚೇರ, ಚೋಳ, ಪಾಂಡ್ಯ, ಮಗಧ, ಸೌರಾಷ್ಟ್ರ, ಪಾರಸಿಕ, ನೇಪಾಳಗಳವರೆಗಿನ ಸಂಚಾರ, ಆನೆ, ಕುದುರೆ, ಮುತ್ತು, ನೀಲ, ವೈಡೂರ್ಯ, ಏಲಕ್ಕಿ, ಲವಂಗ, ಗಂಧ, ಕರ್ಪೂರ, ಕಸ್ತೂರಿಗಳ ಸರಕು. ಸುಮಾತ್ರದ ಬಾರೂಸ್‌ನಲ್ಲಿ ಸಿಕ್ಕ 1088ರ ತಮಿಳು ಶಾಸನ ಇದೇ ಐನೂರ್ವರ ಹೆಸರನ್ನು ಹೇಳುತ್ತದೆಯಾದ್ದರಿಂದ ಪ್ರಶಸ್ತಿಯ ಭೂಗೋಳ ಪೂರಾ ಕವಿಕಲ್ಪನೆಯಲ್ಲ. ಐಹೊಳೆಯ ಭಗವತಿಯನ್ನು ಕುಲದೇವತೆಯೆಂದು ಹೇಳಿಕೊಳ್ಳುತ್ತಿದ್ದ ಇವರೇ ಹನ್ನೆರಡನೆಯ ಶತಮಾನದಲ್ಲಿ ತೇರದಾಳದ ನೇಮಿನಾಥ ಬಸದಿಗೆ ತಮ್ಮ ಸರಕಿನ ಮೇಲಿನ ಪಾಲನ್ನು ಬಿಟ್ಟುಕೊಟ್ಟರು. 1204ರಲ್ಲಿ ವೇಣುಗ್ರಾಮದಲ್ಲಿ, ಎಂದರೆ ಇಂದಿನ ಬೆಳಗಾವಿಯಲ್ಲಿ, ಸ್ಥಳೀಯ ವರ್ತಕರ ಜೊತೆಗೆ ಲಾಳ ಮತ್ತು ಮಲೆಯಾಳ ನಾಡುಗಳ ವರ್ತಕರು ಸೇರಿ ರಟ್ಟಜಿನಾಲಯಕ್ಕೆ ಸುಂಕ ಒಪ್ಪಿಕೊಂಡರು. ಗುಜರಾತಿನಿಂದಲೂ ಕೇರಳದಿಂದಲೂ ಬಂದವರೆಲ್ಲ ಒಂದೇ ಮತದವರಾಗಿರುವುದು ಅಸಂಭವ. ಅವರನ್ನು ಒಂದು ಬಸದಿಯ ಸುತ್ತ ಕೂಡಿಸಿದ್ದು ಪೇಟೆ.

ಕೊಪಣದ ವಿಷಯಕ್ಕೆ ಬರೋಣ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದಗಳ ಜೊತೆ ಕೊಪಣವನ್ನು ನಗರವೆಂದೇ ಹೆಸರಿಸುತ್ತದೆ. ನಮ್ಮ ಬರಹಗಳಲ್ಲಿ ಕೊಪಣ ಬಹುಮಟ್ಟಿಗೆ ಸಲ್ಲೇಖನದ ನೆಲವಾಗಿ, ನಿಸಿದಿಗಲ್ಲುಗಳ ಊರಾಗಿ ಉಳಿದಿದೆ. ಆದರೆ ಇಲ್ಲಿನ ಪಾಲ್ಕಿಗುಂಡಿನ ಬಂಡೆಯ ಮೇಲೆ ಚಾವಯ್ಯನೆಂಬವನು ಯಾರ ಪಾದಗಳನ್ನು ಕೆತ್ತಿಸಿದನೋ ಆ ಜಟಾಸಿಂಹನಂದಿ ಆಚಾರ್ಯನ ಸಂಸ್ಕೃತ ಕೃತಿ ವರಾಂಗಚರಿತವನ್ನು ತೆರೆದರೆ ಇನ್ನೊಂದು ಲೋಕ ಕಾಣುತ್ತದೆ. ಕಾಡುಪಾಲಾದ ರಾಜಕುಮಾರ ವರಾಂಗನಿಗೆ ಆಸರೆಯಾಗುವುದು ಸಾಗರವೃದ್ಧಿ ಎಂಬ ಸಾರ್ಥವಾಹನ ತಂಡ. ಪುಲಿಂದರು ಆ ತಂಡದ ಮೇಲೆ ಬಿದ್ದಾಗ ವರಾಂಗ ಕಾದಾಡಿ ಸರಕನ್ನು ಉಳಿಸುತ್ತಾನೆ. ವರ್ತಕರು ಅವನನ್ನು ತಮ್ಮವನನ್ನಾಗಿ ಮಾಡಿಕೊಳ್ಳುತ್ತಾರೆ. ಮೋಕ್ಷಮಾರ್ಗವನ್ನು ಬೋಧಿಸುವ ಕಾವ್ಯಕ್ಕೆ ಸಾರ್ಥದ ಸುಲಿಗೆಯೂ ಕಾವಲೂ ಇಷ್ಟು ಪರಿಚಿತವಾಗಿದ್ದದ್ದು ಅದರ ಓದುಗರು ಯಾರೆಂಬುದಕ್ಕೆ ಸೂಚನೆ. ಕೊಪಣದಲ್ಲಿ ಹೊನ್ನು ಓಡಾಡುತ್ತಿತ್ತೆಂಬುದಕ್ಕೆ ಹೊರಗಿನ ಪುರಾವೆಯೂ ಇದೆ. ಹೊಯ್ಸಳ ಒಂದನೆಯ ನರಸಿಂಹನ ಭಂಡಾರಿ ಹುಳ್ಳನನ್ನು ಹೊಗಳುವ 1159ರ ಶ್ರವಣಬೆಳಗೊಳದ ಶಾಸನ, ಅವನು ಕೊಪಣ ಮಹಾತೀರ್ಥದಲ್ಲಿ ಬಹಳ ಹೊನ್ನು ತೆತ್ತು ಭೂಮಿ ಪಡೆದು ಮುನಿಸಂಘಕ್ಕೆ ವೃತ್ತಿ ಬಿಟ್ಟನೆಂದು ಹೇಳುತ್ತದೆ. ಇನ್ನೊಬ್ಬ ಅರಸನ ನಾಡಿನ ಅಧಿಕಾರಿಯೊಬ್ಬ ಇಲ್ಲಿ ಭೂಮಿಯನ್ನು ಕ್ರಯಕ್ಕೆ ಕೊಳ್ಳಬಹುದಿತ್ತು, ಆ ವೃತ್ತಿ ನಿಂತು ನಡೆಯುತ್ತದೆಂದು ನಂಬಬಹುದಿತ್ತು. ಗಡಿಯಾಚೆಯಿಂದ ಹಣ ಹೂಡುವವನಿಗೆ ಬೇಕಾದದ್ದು ಆ ನಂಬಿಕೆಯೇ.

ಇದು ಕನ್ನಡ ನಾಡಿಗಷ್ಟೇ ಸಲ್ಲುವ ವಿಶೇಷವಲ್ಲ. ಹೊರಗೆ ನೋಡಿದರೆ ವಾದ ಇನ್ನಷ್ಟು ಗಟ್ಟಿಯಾಗುತ್ತದೆ. ಗೋವೆಯ ಕದಂಬ ಒಂದನೆಯ ಜಯಕೇಶಿಯ ಹನ್ನೊಂದನೆಯ ಶತಮಾನದ ಪಣಜಿ ತಾಮ್ರಪಟದಲ್ಲಿ ತಾಜಿಕ, ಎಂದರೆ ಅರಬ್ಬಿ, ಮನೆತನದ ಛಡಮನೆಂಬ ಅಧಿಕಾರಿ ಬರುತ್ತಾನೆ. ಅವನು ಕಟ್ಟಿಸಿದ ಮಿಜಿಗಿತಿಯ, ಎಂದರೆ ಮಸೀದಿಯ, ಖರ್ಚಿಗೆ ಬಂದರಿಗೆ ಬರುವ ಹಡಗುಗಳ ಮೇಲೆ ಸುಂಕ ನಿಗದಿಯಾಯಿತು. ಒಳನಾಡಿನಲ್ಲಿ ಎತ್ತಿನ ಹೇರು ಬಸದಿಗೆ ತೆತ್ತಂತೆ ಕಡಲಂಚಿನಲ್ಲಿ ಹಡಗು ಮಸೀದಿಗೆ ತೆರುತ್ತಿತ್ತು. ಸೋಮನಾಥದ ಬಳಿಯ ವೇರಾವಳದಲ್ಲಿ ದೊರೆತ 1264ರ ಶಾಸನವಂತೂ ಸಂಸ್ಕೃತ, ಅರಬ್ಬಿ ಎರಡರಲ್ಲೂ ಇದೆ. ಹೊರ್ಮುಜಿನ ನೂರುದ್ದೀನ್ ಫಿರೋಜ್ ಎಂಬ ಹಡಗಿನೊಡೆಯ ಊರ ಹಿರಿಯರ ನೆರವಿನಿಂದ ನೆಲ ಕೊಂಡು ಮಸೀದಿ ಕಟ್ಟಿಸಿ, ಉಳಿದ ಆದಾಯ ಮೆಕ್ಕಾ ಮದೀನಗಳಿಗೆ ಹೋಗುವಂತೆ ಏರ್ಪಾಡು ಮಾಡಿದ. ಮಹಮೂದ ಘಜನಿಯ ದಾಳಿ ನಡೆದು ಸುಮಾರು ಎರಡೂವರೆ ಶತಮಾನವಾಗಿದ್ದ ಪಟ್ಟಣದಲ್ಲಿ ಇದು ನಡೆಯಿತೆಂಬುದನ್ನು ಮರೆಯಬಾರದು.

ಈ ವಾದಕ್ಕೆ ಗಟ್ಟಿಯಾದ ಆಕ್ಷೇಪಗಳಿವೆ. ಈ ಸೀಮೆಯ ಅತ್ಯಂತ ಸೊಗಸಾದ ಗುಡಿಯನ್ನು ಕಟ್ಟಿಸಿದವರು ವರ್ತಕರಲ್ಲ ಎಂಬುದು ಮೊದಲನೆಯದು. ಇಟಗಿಯ ದೇವಾಲಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನದು; ದೇವಾಲಯ ಚಕ್ರವರ್ತಿ ಎಂಬ ಅದರ ಬಿರುದಿನಲ್ಲಿಯೇ ಅಧಿಕಾರದ ಠೀವಿಯಿದೆ. ಇದನ್ನು ಒಪ್ಪಲೇಬೇಕು, ಒಪ್ಪಿದರೆ ವಾದಕ್ಕೆ ನಷ್ಟವೂ ಇಲ್ಲ. ಇಟಗಿಯ ಗುಡಿ ಒಬ್ಬನ ಭಕ್ತಿ, ಒಬ್ಬನ ಕೀರ್ತಿ, ಒಂದು ಮನೆತನದ ನೆನಪು. ಅದು ಆ ದಂಡನಾಯಕನ ಬಗ್ಗೆ ಹೇಳುತ್ತದೆಯೇ ಹೊರತು ನೆರೆಯ ಮತಗಳು ಹೇಗೆ ಬಾಳಿದವು ಎಂಬುದನ್ನಲ್ಲ. ಎರಡನೆಯ ಆಕ್ಷೇಪ, ವರ್ತಕರ ಪ್ರಶಸ್ತಿಗಳು ಉತ್ಪ್ರೇಕ್ಷೆಯ ಮೂಟೆಗಳು, ಒಂದೇ ಪಾಠ ಊರಿಂದೂರಿಗೆ ನಕಲಾಗಿದೆ ಎಂಬುದು. ನಿಜ. ಆದರೆ ಪ್ರಶಸ್ತಿ ಮುಗಿದ ಮೇಲೆ ಬರುವ ದರಪಟ್ಟಿ ನಕಲಲ್ಲ. ಹೊಗಳಿಕೆಯನ್ನು ಯಾರೂ ವಸೂಲಿ ಮಾಡಬೇಕಿಲ್ಲ. ಹೇರಿಗೆ ಇಷ್ಟು ಎಂಬ ಮಾತನ್ನು ಮರುದಿನ ಬೆಳಗ್ಗೆಯೇ ವಸೂಲಿ ಮಾಡಬೇಕು. ಶಾಸನದ ಅಲಂಕಾರವನ್ನೇ ಓದಿ ಲೆಕ್ಕವನ್ನು ಬಿಟ್ಟುಬಿಡುವ ಚಾಳಿ ನಮ್ಮ ವಿದ್ವಾಂಸರಲ್ಲೂ ಇದೆ. ಅಂದಿನವರಿಗೆ ಪುಣ್ಯವೇ ಮುಖ್ಯ, ಲಾಭನಷ್ಟದ ಕಣ್ಣು ನಮ್ಮದು ಎನ್ನುವವರೂ ಉಂಟು. ಪುಣ್ಯಕ್ಕೂ ಲೆಕ್ಕಕ್ಕೂ ಅಲ್ಲಿ ವಿರೋಧವಿರಲಿಲ್ಲ. ದತ್ತಿ ಆಚಂದ್ರಾರ್ಕವಾಗಿ ನಿಲ್ಲಬೇಕೆಂದು ದಾನಿ ಬಯಸುತ್ತಾನೆ. ಒಬ್ಬ ಮನುಷ್ಯ ಸಾಯುತ್ತಾನೆ, ಸಂಘ ಸಾಯುವುದಿಲ್ಲ. ಪುಣ್ಯ ಉಳಿಯಬೇಕಾದರೆ ಅದನ್ನು ನೋಡಿಕೊಳ್ಳಲು ನಗರದವರೇ ಬೇಕಾಗಿತ್ತು.

ಎಲ್ಲಕ್ಕಿಂತ ಭಾರವಾದ ಆಕ್ಷೇಪ ಅಬ್ಬಲೂರಿನದು. ಕಲಚುರಿ ಅರಸ ಬಿಜ್ಜಳನ ಕಾಲದಲ್ಲಿ ಶಿವಭಕ್ತ ಏಕಾಂತದ ರಾಮಯ್ಯ ಜೈನರೊಡನೆ ಪಂತ ಕಟ್ಟಿ, ತಲೆ ಕತ್ತರಿಸಿಕೊಂಡು ಮರಳಿ ಪಡೆದು, ಜಿನಬಿಂಬವನ್ನು ಒಡೆದು ಅರಸನಿಂದ ಜಯಪತ್ರ ಪಡೆದನೆಂದು ಅಲ್ಲಿನ ಶಾಸನ ಹೇಳುತ್ತದೆ. ಪೇಟೆ ಮತಗಳನ್ನು ಬೆಸೆದಿದ್ದರೆ ಇದು ಹೇಗೆ ನಡೆಯಿತು? ಪವಾಡವನ್ನು ಬದಿಗಿಟ್ಟರೂ ಬಸದಿ ಭಂಗವಾದುದು ಸುಳ್ಳೆನ್ನಲು ಆಧಾರವಿಲ್ಲ. ಆದರೆ ಆ ಜಗಳದ ಸ್ವರೂಪವನ್ನು ನೋಡಿ. ಎದುರಾಳಿಗಳ ಮುಂದಾಳು ಸಂಕಗಾವುಂಡ, ಎಂದರೆ ಊರೊಡೆಯ, ಭೂಮಿಯೊಡೆಯ. ಊರಿನ ಒಂದೇ ಯಜಮಾನಿಕೆಗೆ, ಒಂದೇ ನೆಲದ ಮೇಲಿನ ಹಕ್ಕಿಗೆ ಎರಡು ಮತಗಳು ಕೈಹಾಕಿದಾಗ ಒಬ್ಬರ ಗೆಲುವು ಇನ್ನೊಬ್ಬರ ಸೋಲೇ ಆಗಬೇಕು. ಹರಿಯುವ ಸುಂಕವನ್ನು ಹಂಚಿಕೊಳ್ಳಬಹುದು, ನಿಂತ ನೆಲವನ್ನು ಹಂಚಿಕೊಳ್ಳುವುದು ಕಷ್ಟ. ಒಂದೇ ಘಟನೆಯಿಂದ ನಿಯಮ ಕಟ್ಟಲಾಗದು. ವರ್ತಕರೆಲ್ಲ ಶಾಂತಿದೂತರೆಂದು ಹೇಳುವುದೂ ನನ್ನ ಉದ್ದೇಶವಲ್ಲ. ಅವರ ಜೊತೆಗೇ ಆಯುಧ ಹಿಡಿದ ದಂಡುಗಳಿದ್ದವು. ಆದರೂ ಅಬ್ಬಲೂರು ಮತ್ತು ಡಂಬಳಗಳ ನಡುವಿನ ಭೇದವನ್ನು ಅರಸನ ಮನೋಧರ್ಮದಿಂದ ವಿವರಿಸಲು ಆಗುವುದಿಲ್ಲ, ದತ್ತಿಯ ಮೂಲದಿಂದ ಆಗುತ್ತದೆ.

ಎರಡು ಶತಮಾನದ ಬಳಿಕ, ಕಂಪಿಲಿಯ ರಾಜ್ಯ ಬಿದ್ದು ವಿಜಯನಗರ ಎದ್ದ ಮೇಲೆ, ಮತಕ್ಕೂ ಹಣಕ್ಕೂ ಇರುವ ಇದೇ ಸಂಬಂಧ ಇನ್ನೊಂದು ರೂಪದಲ್ಲಿ ತೋರುತ್ತದೆ. ಜೈನರಿಗೂ ಶ್ರೀವೈಷ್ಣವರಿಗೂ ಹುಟ್ಟಿದ ವ್ಯಾಜ್ಯವನ್ನು ಬುಕ್ಕರಾಯ ಬಗೆಹರಿಸಿದ 1368ರ ಶ್ರವಣಬೆಳಗೊಳದ ಶಾಸನ ಪಠ್ಯಪುಸ್ತಕಗಳಲ್ಲಿ ಸಹಿಷ್ಣುತೆಯ ಮಾದರಿಯಾಗಿ ಬರುತ್ತದೆ. ಅದರ ಕೆಳಗಿನ ಭಾಗವನ್ನು ಓದುವವರು ಕಡಿಮೆ. ಜೈನರು ಮನೆಗೆ ವರ್ಷಕ್ಕೆ ಒಂದು ಹಣ ಕೊಡಬೇಕು. ಆ ಹಣದಿಂದ ತಿರುಮಲೆಯ ಶ್ರೀವೈಷ್ಣವ ತಾತಯ್ಯ ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ನಿಲ್ಲಿಸಬೇಕು. ಮಿಕ್ಕದ್ದರಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ರಾಜಾಜ್ಞೆಯ ಹೃದಯಭಾಗದಲ್ಲಿರುವುದು ಹೀಗೊಂದು ವಂತಿಗೆಯ ಲೆಕ್ಕ. ಮುಂದೆ ಕಲ್ಲೇಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿ ಬುಕ್ಕರಾಯನಿಗೆ ಬಿನ್ನಹ ಮಾಡಿ, ತಾತಯ್ಯನನ್ನು ಬರಮಾಡಿಕೊಂಡು ಜೀರ್ಣೋದ್ಧಾರ ಮಾಡಿಸಿದಾಗ, ಎರಡೂ ಸಮಯದವರು ಕೂಡಿ ಅವನಿಗೇ ಸಂಘನಾಯಕ ಪಟ್ಟ ಕಟ್ಟಿದರು. ವ್ಯಾಜ್ಯ ತೀರ್ಮಾನಿಸಿದವನು ಅರಸ. ಇಬ್ಬರೂ ಒಪ್ಪಿದ ಮುಂದಾಳು ಸೆಟ್ಟಿ. ಅರಸನಿಗೆ ದೂರು ಕೊಟ್ಟ ಜೈನರ ನೆಲೆಗಳಲ್ಲಿ ಶಾಸನ ಮೊದಲು ಹೆಸರಿಸುವುದು ಇಂದಿನ ಗಂಗಾವತಿ ತಾಲೂಕಿನ ಆನೆಗೊಂದಿಯನ್ನು, ಆಮೇಲೆ ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹಗಳನ್ನು. ರಾಜಧಾನಿ ತುಂಗಭದ್ರೆಯ ದಡಕ್ಕೆ ಸರಿದಿತ್ತು, ಹೇರಿನ ಎತ್ತುಗಳೂ ಆ ಕಡೆಗೇ ತಿರುಗಿದ್ದವು. ಹುಳ್ಳ ಹೊನ್ನು ತೆತ್ತು ವೃತ್ತಿ ಬಿಟ್ಟಿದ್ದ ಮಹಾತೀರ್ಥ ಕೊಪಣದ ಹೆಸರು ಆ ಪಟ್ಟಿಯಲ್ಲಿಲ್ಲ.