ಸೂಜಿಯ ದಾರಿ

ಯಂತ್ರಗಳ ಚರಿತ್ರೆಯನ್ನು ಹೇಳುವಾಗ ನಾವು ಅವನ್ನು ಕಲ್ಪಿಸಿದವರ ಹೆಸರನ್ನೂ ಹಕ್ಕುಪತ್ರದ ವರ್ಷವನ್ನೂ ಸ್ಮರಿಸಿ ತೃಪ್ತರಾಗುತ್ತೇವೆ. ಅವನ್ನು ನಡೆಯುವಂತೆ ಮಾಡಿದ ಕೈಗಳನ್ನು ಮರೆಯುತ್ತೇವೆ. ಚರ್ಮ ಹೊಲಿಯುವ ಯಂತ್ರದ ಕಥೆಯು ಈ ಮರೆವನ್ನು ತಿದ್ದಬಲ್ಲದು.

1790ರಲ್ಲಿ ಇಂಗ್ಲೆಂಡಿನ ಥಾಮಸ್ ಸೇಂಟ್ ಎಂಬ ಮರಗೆಲಸದವನು ಇಂಥದೊಂದು ಯಂತ್ರಕ್ಕೆ ಹಕ್ಕುಪತ್ರವನ್ನು ಪಡೆದನು. ಮೊದಲು ದಬ್ಬಳವು ಚರ್ಮವನ್ನು ಚುಚ್ಚಬೇಕು. ಬಳಿಕ ತುದಿಯಲ್ಲಿ ಕಚ್ಚುಳ್ಳ ಸೂಜಿಯು ದಾರವನ್ನು ಆ ರಂಧ್ರದೊಳಕ್ಕೆ ನೂಕಬೇಕು. ಪಾದರಕ್ಷೆ, ಮೆರುಗೆಣ್ಣೆಗಳ ವಿಷಯವೂ ಅದೇ ಪತ್ರದಲ್ಲಿದ್ದುದರಿಂದ ಯಂತ್ರದ ಚಿತ್ರವು ಕಡತಗಳಲ್ಲಿ ಹುದುಗಿಹೋಯಿತು. 1870ರ ದಶಕದಲ್ಲಿ ಅದನ್ನು ಕಂಡ ನ್ಯೂಟನ್ ವಿಲ್ಸನ್ ಎಂಬ ತಯಾರಕನು ಅದರಂತೆ ಯಂತ್ರವನ್ನು ಕಟ್ಟಿದನು. ಕೆಲವು ಮಾರ್ಪಾಡುಗಳಾದ ಮೇಲೆಯೇ ಅದು ಹೊಲಿಯಿತು. ಆಲೋಚನೆ 80 ವರ್ಷಗಳ ಹಿಂದೆಯೇ ಹುಟ್ಟಿತ್ತು, ಕೊರತೆಯಿದ್ದುದು ಹೊಂದಿಕೆಯದು.

ಈ ಹೊಂದಿಕೆಯೆಂದರೇನು? 1846ರಲ್ಲಿ ಅಮೆರಿಕದ ಎಲಿಯಾಸ್ ಹೋವ್ ಹಕ್ಕುಪತ್ರ ಪಡೆದ ಯಂತ್ರದಲ್ಲಿ ಸೂಜಿಯ ಕಣ್ಣು ಮೊನೆಯ ಬಳಿಯಲ್ಲಿತ್ತು. ಸೂಜಿಯು ಇಳಿದು ಮೇಲೇಳುವ ಕ್ಷಣದಲ್ಲಿ ದಾರವು ಸಣ್ಣ ಕುಣಿಕೆಯಾಗುತ್ತದೆ; ಲಾಳಿಯ ಮೊನೆಯು ಅದನ್ನು ಹಿಡಿಯಬೇಕು. ಸೂಜಿಗೂ ಲಾಳಿಗೂ ನಡುವೆ ಕೂದಲೆಳೆಯಷ್ಟೇ ಅಂತರ. ಸೂಜಿಯನ್ನು ಹೊತ್ತ ಸರಳು ಬುಷ್ ಎಂಬ ಕೊಳವೆಯಲ್ಲಿ ಜಾರುತ್ತದೆ. ಅನೇಕ ಯಂತ್ರಗಳಲ್ಲಿ ಬುಷ್ಷು ಸರಳಿಗಿಂತ ಮೆತ್ತನೆಯ ಲೋಹದ್ದು: ಸರಳು ಸವೆಯದಿರಲೆಂದು ಸವೆತವನ್ನು ತಾನೇ ಹೊರುತ್ತದೆ. ಅದು ಸವೆದು ಸಡಿಲವಾದರೆ, ದಪ್ಪ ಚರ್ಮಕ್ಕೆ ತಗುಲಿದೊಡನೆ ಸೂಜಿ ವಾಲುತ್ತದೆ, ಕುಣಿಕೆ ತಪ್ಪುತ್ತದೆ. ಆಗ ಸೂಜಿಯನ್ನು ಎಷ್ಟು ಬಾರಿ ಬದಲಿಸಿದರೂ ಫಲವಿಲ್ಲ. ಹೊಸ ಬುಷ್ಷು ಅತಿ ಬಿಗಿಯಾದರೂ ಕೇಡೇ. ಎಣ್ಣೆಯ ತೆಳುಪದರಕ್ಕೆ ಎಡೆಯಿಲ್ಲದೆ ಸರಳು ಹಿಡಿದುಕೊಳ್ಳುತ್ತದೆ. ಬುಷ್ಷನ್ನು ನೇರವಾಗಿ ಕೂರಿಸಿದ ಮೇಲೆ ದಾರಕ್ಕೆ ತಕ್ಕ ಸೂಜಿ, ಸೂಜಿಗೆ ತಕ್ಕ ಎತ್ತರ. ಇಲ್ಲಿ ಅವಸರ ಸಲ್ಲದು: ಬಟ್ಟೆಯ ಎಳೆಗಳು ಸರಿದು ಮತ್ತೆ ಕೂಡಿಕೊಳ್ಳುತ್ತವೆ, ಚರ್ಮದಲ್ಲಿ ತಪ್ಪಿ ಬಿದ್ದ ತೂತು ಮುಚ್ಚುವುದಿಲ್ಲ.

ಸ್ಕಾಟ್‌ಲೆಂಡಿನ ಕ್ಲೈಡ್‌ಬ್ಯಾಂಕಿನಲ್ಲಿದ್ದ ಸಿಂಗರ್ ಕಾರ್ಖಾನೆಯು 1980ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ, ಪಾದರಕ್ಷೆಗಳಿಗೆ ತೇಪೆ ಹಾಕುವ 29ಕೆ ಯಂತ್ರಗಳು ಇಂದಿಗೂ ದುಡಿಯುತ್ತಿವೆ. ಅವುಗಳನ್ನು ಬದುಕಿಸಿರುವುದು ಹಕ್ಕುಪತ್ರವಲ್ಲ. ಸರಳನ್ನು ಬೆರಳಿನಿಂದ ಅಲುಗಿಸಿ ಸವೆತವನ್ನು ಅರಿಯುವ, ಹೆಸರಿಲ್ಲದ ಕಸಬುದಾರನ ಜ್ಞಾನ. ಆ ಜ್ಞಾನಕ್ಕೆ ಕಡತವಿಲ್ಲ. ಕೈಯಿಂದ ಕೈಗೆ ದಾಟದಿದ್ದರೆ ಅದು ಸೇಂಟನ ಚಿತ್ರದಂತೆ ಮತ್ತೆ ಸಿಕ್ಕೀತೆಂಬ ಭರವಸೆಯಿಲ್ಲ. ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಅವನಿಗೂ ಒಂದು ಪಂಕ್ತಿ ಸಲ್ಲಬೇಕು.